ಕಲಿಯಬೇಕಾದ ಮೊದಲ ಪಟ್ಟು ಕೂಗು: ಗಡಿನಾಡಿನವರಿಗೆ ಆತ್ಮರಕ್ಷಣೆಯ ಮಾರ್ಗದರ್ಶಿ

ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಮಂಗಳೂರಿನ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಕಾಲದ ಒಂದು ಸಂಜೆಯನ್ನು ಮೊದಲೇ ಹೇಳಿಬಿಡುತ್ತೇನೆ. ಆತ್ಮರಕ್ಷಣೆಯ ಬಗ್ಗೆ ಆಮೇಲೆ ನಾನು ಕಲಿತದ್ದು, ಹೆಣ್ಣುಮಕ್ಕಳಿಗೆ ಕಲಿಸಿದ್ದು ಎಲ್ಲವೂ ಆ ಸಂಜೆಯಿಂದಲೇ ಹೊರಟಿತು. ಮನೆಗೆ ಮರಳುವಾಗ, ಗಡಿಯ ತಲಪಾಡಿ ದಾಟಿದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಂದೆ ನಿಂತಿದ್ದವನ ಕೈ ನೂಕುನುಗ್ಗಲಿನ ನೆಪದಲ್ಲಿ ನನ್ನ ಸೊಂಟಕ್ಕೆ ತಾಗಿತು, ಮತ್ತೆ ತಾಗಿತು, ಮೂರನೆಯ ಸಲ ಅಲ್ಲೇ ನಿಂತಿತು. ನಾನು ಅರ್ಧ ತಿರುಗಿ, “ಯಾಕೆ ಹೀಗೆ ಮಾಡುತ್ತೀರಿ?” ಎಂದೆ. ಸುತ್ತಲಿದ್ದವರಲ್ಲಿ ಹೆಚ್ಚಿನವರು ಮಲೆಯಾಳ ಮಾತನಾಡುವವರು. ಅವರಿಗೆ ಅದು ಇಬ್ಬರು ಪರಿಚಿತರ ನಡುವಿನ ಮಾತಿನಂತೆ ಕೇಳಿಸಿರಬೇಕು, ಯಾರೂ ತಲೆ ಎತ್ತಲಿಲ್ಲ. ನಾನು ಉಪ್ಪಳದಲ್ಲಿಯೇ ಇಳಿದು, ಮುಂದಿನ ಬಸ್ಸಿಗಾಗಿ ಕತ್ತಲಲ್ಲಿ ಒಬ್ಬಳೇ ಕಾದೆ.

ಆ ರಾತ್ರಿ ನನ್ನನ್ನು ಕಾಡಿದ್ದು ಹೊಡೆಯಲು ಬರಲಿಲ್ಲವೆಂಬ ಕೊರಗಲ್ಲ, ದನಿ ಹೊರಡಲಿಲ್ಲವೆಂಬ ಸಂಗತಿ. ಹೊರಟ ಅಷ್ಟು ದನಿಯೂ ಪ್ರಶ್ನೆಯ ರೂಪದಲ್ಲಿತ್ತು, ಬಹುವಚನದ ಮರ್ಯಾದೆಯಲ್ಲಿತ್ತು, ಕೇಳುವವರಿಗೆ ತಿಳಿಯದ ಭಾಷೆಯಲ್ಲಿತ್ತು. ಮನೆಯಲ್ಲೊಂದು, ಅಂಗಡಿಯಲ್ಲೊಂದು, ಕಚೇರಿಯಲ್ಲಿ ಮತ್ತೊಂದು ಭಾಷೆಯನ್ನಾಡುವ ಕಾಸರಗೋಡಿನವರಿಗೆ ಆತ್ಮರಕ್ಷಣೆಯ ಪಾಠ ಆರಂಭವಾಗಬೇಕಾದದ್ದು ಮುಷ್ಟಿಯಿಂದಲ್ಲ, ಯಾವ ಭಾಷೆಯಲ್ಲಿ ಹೇಗೆ ಕೂಗಬೇಕೆಂಬ ಅಭ್ಯಾಸದಿಂದ ಎಂದು ನಾನು ನಂಬಿದ್ದೇನೆ.

ಕೂಗನ್ನು ಅಭ್ಯಾಸ ಮಾಡುವ ಕ್ರಮ

ಭಯವಾದಾಗ ದೇಹದಲ್ಲಿ ಏನಾಗುತ್ತದೆ ಎಂಬುದನ್ನು ಮೊದಲು ತಿಳಿದಿರಬೇಕು. ಅಡ್ರಿನಲಿನ್ ರಕ್ತಕ್ಕೆ ಸೇರಿದೊಡನೆ ಎದೆಬಡಿತ ಏರುತ್ತದೆ, ಉಸಿರು ಮೇಲುಸಿರಾಗುತ್ತದೆ, ದೃಷ್ಟಿ ಎದುರಿನ ಒಂದೇ ಬಿಂದುವಿಗೆ ಕಿರಿದಾಗುತ್ತದೆ. ಬೆರಳುಗಳಿಂದ ಮಾಡುವ ಸೂಕ್ಷ್ಮ ಕೆಲಸಗಳು, ಎಂದರೆ ಫೋನಿನ ಬೀಗ ತೆರೆಯುವುದು, ಚೀಲದ ಜಿಪ್ ಎಳೆಯುವುದು ಮುಂತಾದವು, ಕೈಗೂಡುವುದಿಲ್ಲ. ಕೆಲವರಿಗೆ ಕೈಕಾಲು ಮರಗಟ್ಟಿ ನಿಂತಲ್ಲೇ ನಿಲ್ಲುವಂತಾಗುತ್ತದೆ. ಇದು ಹೇಡಿತನವೂ ಅಲ್ಲ, ಒಪ್ಪಿಗೆಯೂ ಅಲ್ಲ, ದೇಹದ ಸಹಜ ಪ್ರತಿಕ್ರಿಯೆ. ಈ ಮರಗಟ್ಟುವಿಕೆಯನ್ನು ಒಡೆಯಲು ಇರುವ ಅತ್ಯಂತ ಸುಲಭದ ಉಪಾಯ ಗಟ್ಟಿಯಾಗಿ ಕೂಗುವುದು, ಏಕೆಂದರೆ ಕೂಗಲು ಉಸಿರು ಹೊರಬಿಡಲೇಬೇಕು, ಉಸಿರು ಹೊರಬಿದ್ದರೆ ಮುಂದಿನ ಉಸಿರು ತಾನಾಗಿ ಒಳಬರುತ್ತದೆ, ಅದರೊಂದಿಗೆ ಕಾಲಿಗೂ ಚಲನೆ ಮರಳುತ್ತದೆ.

ಮನೆಯ ಅಂಗಳದಲ್ಲೋ ತೋಟದ ನಡುವೆಯೋ ನಿಂತು ಅಭ್ಯಾಸ ಮಾಡಿ. ಅಕ್ಕಪಕ್ಕದವರಿಗೆ ಮುಂಚಿತವಾಗಿ ತಿಳಿಸಿರಿ, ಇಲ್ಲವಾದರೆ ಅವರು ನಿಜಕ್ಕೂ ಓಡಿಬರುತ್ತಾರೆ. ಪಾದಗಳ ನಡುವೆ ಹೆಗಲಿನಷ್ಟು ಅಂತರವಿರಲಿ, ಒಂದು ಕಾಲು ಸ್ವಲ್ಪ ಹಿಂದಿರಲಿ, ಮಂಡಿ ಬಿಗಿಯದಿರಲಿ. ಎರಡೂ ಅಂಗೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹೊರಮುಖವಾಗಿ ಹಿಡಿಯಿರಿ. ನೋಡುವವರಿಗೆ ಇದು “ಬೇಡ” ಎಂಬ ಸನ್ನೆ, ನಿಮಗೆ ಮುಖವನ್ನು ಕಾಯುವ ಬೇಲಿ. ಹೊಟ್ಟೆಯ ತನಕ ಉಸಿರೆಳೆದು, ಗಂಟಲಿನಿಂದಲ್ಲ, ಹೊಟ್ಟೆಯಿಂದ ಒಂದೇ ಪದವನ್ನು ಹೊರಗೆ ತಳ್ಳಿರಿ. ಆ ಪದ “ಕೈ!” ಆಗಿರಲಿ.

ಈ ಪದವನ್ನು ನಾನು ಬಹಳ ಯೋಚಿಸಿ ಆರಿಸಿದ್ದೇನೆ. ಕನ್ನಡದಲ್ಲಿ ಕೈ, ತುಳುವಿನಲ್ಲಿ ಕೈ, ಮಲೆಯಾಳದಲ್ಲಿಯೂ ಕೈ. ಕ್ರಿಯಾಪದ ಬರುವ ಮೊದಲೇ ಬಸ್ಸಿನಲ್ಲಿರುವ ಎಲ್ಲರಿಗೂ ಏನು ನಡೆಯುತ್ತಿದೆ ಎಂಬುದು ತಿಳಿದುಹೋಗುತ್ತದೆ. ಅನಂತರದ ಮಾತನ್ನು ಅಲ್ಲಿರುವವರನ್ನು ನೋಡಿ ಸೇರಿಸಬಹುದು: “ಕೈ ತೆಗಿ!”, ತುಳುವಿನಲ್ಲಿ “ಕೈ ದೆಪ್ಪು!”, ಮಲೆಯಾಳದಲ್ಲಿ “ಕೈ ಎಡುಕ್ಕ್!”. ಇಲ್ಲಿ ಮರ್ಯಾದೆಯ ಬಹುವಚನಕ್ಕೆ ಜಾಗವಿಲ್ಲ. ಹಿರಿಯರನ್ನು ಏಕವಚನದಲ್ಲಿ ಕರೆಯಬಾರದೆಂದು ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ಇದು ನಿಜಕ್ಕೂ ಕಷ್ಟ. 50 ದಾಟಿದವನನ್ನು “ಕೈ ತೆಗಿ” ಎನ್ನಲು ನಾಲಿಗೆ ಹೊರಳದೆ, ಅಭ್ಯಾಸದಲ್ಲಿಯೂ “ತೆಗೆಯಿರಿ” ಎಂದವರನ್ನು ನಾನು ಹಲವರನ್ನು ಕಂಡಿದ್ದೇನೆ. ಹತ್ತು ಸಲ ಹೇಳಿಸಿದ ಮೇಲೆ ಹೊರಳುತ್ತದೆ.

ದೂರದವರನ್ನು ಕರೆಯುವ ಕೂಗು ಬೇರೆ. “ಓಡಿ ಬನ್ನಿ” ಎಂಬುದು ಕನ್ನಡದವರಿಗೆ ಸಾಕು, ಮಲೆಯಾಳದವರಿಗೆ “ಓಡಿ ವರಣೇ, ರಕ್ಷಿಕ್ಕಣೇ” ಎನ್ನಬೇಕು. ಬಸ್ಸಿನಲ್ಲೋ ಪೇಟೆಯಲ್ಲೋ ಒಟ್ಟು ಗುಂಪಿಗೆ ಕೂಗಿದರೆ ಪ್ರತಿಯೊಬ್ಬನೂ ಇನ್ನೊಬ್ಬ ಹೋಗಲಿ ಎಂದು ಕಾಯುತ್ತಾನೆ. ಆದ್ದರಿಂದ ಒಬ್ಬರನ್ನು ಆರಿಸಿ, ಬೆರಳು ತೋರಿಸಿ, ಗುರುತು ಹಿಡಿದು ಕರೆಯಿರಿ: “ನೀಲಿ ಶರ್ಟಿನ ಅಣ್ಣ, ಇತ್ತ ಬನ್ನಿ”, “ಕಂಡಕ್ಟರ್, ಬೆಲ್ಲು ಹೊಡೆಯಿರಿ”. ಕಂಡಕ್ಟರ್ ಎಂಬ ಪದಕ್ಕೂ ಮೂರು ಭಾಷೆಗಳಲ್ಲಿ ಅನುವಾದ ಬೇಕಿಲ್ಲ. ಮಲೆಯಾಳದಲ್ಲಿ ವಿಷಯವನ್ನು ತಿಳಿಸಲು “ಇಯಾಳ್ ಎನ್ನೆ ಶಲ್ಯಂ ಚೆಯ್ಯುನ್ನು” ಎಂಬ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಿರಿ. ಈತ ನನಗೆ ಉಪದ್ರ ಕೊಡುತ್ತಿದ್ದಾನೆ ಎಂಬುದು ಅದರ ಅರ್ಥ.

ಒಂದು ಮಾರು ದೂರ

ಹೊಡೆತಕ್ಕಿಂತ ಮುಂಚೆ ಕಲಿಯಬೇಕಾದ ಇನ್ನೊಂದು ವಿಷಯ ಅಂತರ. ನಮ್ಮ ಹಿರಿಯರು ಹಗ್ಗವನ್ನು ಅಳೆಯುತ್ತಿದ್ದ ಮಾರು, ಎಂದರೆ ಎರಡೂ ಕೈ ಚಾಚಿದಷ್ಟು ಉದ್ದ, ಇದಕ್ಕೆ ಸರಿಯಾದ ಅಳತೆ. ಒಂದು ಮಾರಿನ ಆಚೆ ನಿಂತವನು ನಿಮ್ಮನ್ನು ಹಿಡಿಯಬೇಕಾದರೆ ಒಂದು ಹೆಜ್ಜೆ ಮುಂದಿಡಲೇಬೇಕು. ಆ ಹೆಜ್ಜೆಯೇ ನಿಮಗೆ ಸಿಗುವ ಸೂಚನೆ. ಅಪರಿಚಿತನು ದಾರಿಯನ್ನೋ ಸಮಯವನ್ನೋ ಕೇಳಿದರೆ ಉತ್ತರಿಸಬಾರದೆಂದಿಲ್ಲ, ಒಂದು ಹೆಜ್ಜೆ ಹಿಂದೆ ಸರಿದು ಉತ್ತರಿಸಿರಿ. ಅವನು ಮತ್ತೆ ಅಂತರವನ್ನು ಕಿರಿದುಗೊಳಿಸಿದರೆ “ಅಲ್ಲೇ ನಿಲ್ಲಿ” ಎಂದು ಸ್ಪಷ್ಟವಾಗಿ ಹೇಳಿರಿ. ಒಳ್ಳೆಯವನಾದರೆ ನಿಲ್ಲುತ್ತಾನೆ. ನಿಲ್ಲದಿದ್ದರೆ ಅವನ ಉದ್ದೇಶ ತಿಳಿದಂತಾಯಿತು, ಮುಂದೆ ಮಾತಿನ ಅಗತ್ಯವಿಲ್ಲ, ಜನರಿರುವ ಕಡೆಗೆ ಓಡಬೇಕು.

ನಮ್ಮ ಕಡೆಯ ಮುಖ್ಯ ಅಪಾಯ ಪೇಟೆಯಲ್ಲಿರುವುದಕ್ಕಿಂತ ಬಸ್ಸಿನಿಂದ ಇಳಿದು ಮನೆಯನ್ನು ಮುಟ್ಟುವ ದಾರಿಯಲ್ಲಿದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಪೈವಳಿಕೆಗಳಂಥ ಊರುಗಳಲ್ಲಿ ಬಸ್ಸು ನಿಲ್ಲುವುದು ರಸ್ತೆಯ ಬದಿಯಲ್ಲಿ, ಮನೆ ಇರುವುದು ಗುಡ್ಡೆಯ ಆಚೆ ಅಥವಾ ಅಡಿಕೆ ತೋಟದ ಕೆಳಗೆ. ನಡುವೆ ಮುರಕಲ್ಲಿನ ಓಣಿ, ತೋಡಿನ ಮೇಲಿನ ಸಂಕ. ಮಳೆಗಾಲದಲ್ಲಿ ನೀರಿನ ಸದ್ದಿಗೆ ಹಿಂದಿನಿಂದ ಬರುವ ಹೆಜ್ಜೆ ಕೇಳಿಸುವುದಿಲ್ಲ, ನಿಮ್ಮ ಕೂಗೂ ದೂರ ಹೋಗುವುದಿಲ್ಲ. ಇಂಥ ದಾರಿಯನ್ನು ಹಗಲಿನಲ್ಲಿ ಒಮ್ಮೆ ಈ ದೃಷ್ಟಿಯಿಂದಲೇ ನಡೆದು ನೋಡಿರಿ. ಯಾವ ತಿರುವಿನಿಂದ ಯಾವ ಮನೆಯ ದೀಪ ಕಾಣುತ್ತದೆ, ಯಾವ ಅಂಗಳಕ್ಕೆ ಗೇಟು ದಾಟದೆ ನುಗ್ಗಬಹುದು, ಎಲ್ಲಿ ನಾಯಿ ಇದೆ, ಯಾರ ಮನೆಯಲ್ಲಿ ಸಂಜೆ ಜನರಿರುತ್ತಾರೆ ಎಂಬುದು ತಿಳಿದಿದ್ದರೆ ಓಡಬೇಕಾದಾಗ ಕಾಲು ತಾನಾಗಿ ಅತ್ತ ಹೋಗುತ್ತದೆ.

ಕೈಯಲ್ಲಿ ಪ್ರತ್ಯೇಕ ಟಾರ್ಚು ಇರಲಿ. ಫೋನಿನ ಬೆಳಕನ್ನೇ ನೆಚ್ಚಿಕೊಂಡರೆ ಕರೆ ಮಾಡಬೇಕಾದ ಹೊತ್ತಿಗೆ ಬ್ಯಾಟರಿ ಉಳಿದಿರುವುದಿಲ್ಲ. ಒಳ್ಳೆಯ ಟಾರ್ಚಿನ ಬೆಳಕು ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ನೇರವಾಗಿ ಬಿದ್ದರೆ ಕೆಲವು ಕ್ಷಣ ಎದುರಿನವನಿಗೆ ಏನೂ ಕಾಣಿಸುವುದಿಲ್ಲ. ಓಡಲು ಅಷ್ಟು ಹೊತ್ತು ಸಾಕು. ಜೂನ್‌ನಿಂದ ಅಕ್ಟೋಬರ್ ತನಕ ನಮ್ಮೆಲ್ಲರ ಕೈಯಲ್ಲಿ ಹೇಗೂ ಇರುವ ಉದ್ದ ಕೊಡೆಯೂ ಉತ್ತಮ ಸಾಧನ, ಆದರೆ ಅದನ್ನು ಬಡಿಗೆಯಂತೆ ಬೀಸಬಾರದು. ಬೀಸಿದ ಕೊಡೆಯನ್ನು ಹಿಡಿದುಕೊಳ್ಳುವುದು ಸುಲಭ, ಅದರ ಕಡ್ಡಿಗಳು ಬಾಗಿ ಹೊಡೆತವೂ ತಾಗುವುದಿಲ್ಲ. ಒಂದು ಕೈ ಹಿಡಿಕೆಯ ಬಳಿ, ಇನ್ನೊಂದು ಕೈ ನಡುಭಾಗದಲ್ಲಿಟ್ಟು, ಮಡಚಿದ ಕೊಡೆಯ ತುದಿಯನ್ನು ಎದುರಿನವನ ಹೊಟ್ಟೆಯತ್ತ ನೇರವಾಗಿ ಚುಚ್ಚಿ ತಕ್ಷಣ ಹಿಂದೆಳೆಯಬೇಕು. ಕೊಡೆಯ ಕೆಲಸ ಗೆಲ್ಲುವುದಲ್ಲ, ಒಂದು ಮಾರು ದೂರವನ್ನು ಉಳಿಸುವುದು.

ರಸ್ತೆಯಲ್ಲಿ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನಗಳನ್ನು ನೋಡುತ್ತಾ ನಡೆಯಿರಿ, ಚೀಲವು ರಸ್ತೆಯ ವಿರುದ್ಧ ಬದಿಯ ಹೆಗಲಿನಲ್ಲಿರಲಿ. ಬೈಕಿನಲ್ಲಿ ಬಂದು ಸರ ಎಳೆಯುವವರು ಹೆಚ್ಚಾಗಿ ಹಿಂದಿನಿಂದ ಬರುತ್ತಾರೆ. ಸಂಜೆಯ ರೈಲಿನಲ್ಲಿ ಮಂಜೇಶ್ವರ, ಉಪ್ಪಳ, ಕುಂಬಳೆಯಂಥ ಸಣ್ಣ ನಿಲ್ದಾಣಗಳಲ್ಲಿ ಇಳಿಯುವವರು ಪ್ಲಾಟ್‌ಫಾರ್ಮಿನ ಕೊನೆಯ ಕತ್ತಲಿಗೆ ಬರುವ ಬೋಗಿಯನ್ನು ಬಿಟ್ಟು, ದೀಪವೂ ಜನರೂ ಇರುವಲ್ಲಿ ನಿಲ್ಲುವ ಬೋಗಿಯನ್ನು ಹತ್ತಬೇಕು. ಆಟೋ ಹತ್ತುವಾಗ ಅದರ ನಂಬರನ್ನು ಚಾಲಕನಿಗೆ ಕೇಳಿಸುವಂತೆ ಮನೆಯವರಿಗೆ ಫೋನಿನಲ್ಲಿ ಹೇಳಿರಿ. ಪ್ರಾಮಾಣಿಕ ಚಾಲಕರು ಇದರಿಂದ ಬೇಸರಪಡುವುದನ್ನು ನಾನು ಕಂಡಿಲ್ಲ.

ಇನ್ನೊಂದು ಭೇದವನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಎದುರಿನವನಿಗೆ ಬೇಕಾಗಿರುವುದು ವಸ್ತುವೇ ನೀವೇ ಎಂಬುದು ಆ ಭೇದ. ಸರ, ಫೋನು, ಹಣ ಬೇಕಾದರೆ ಎಸೆದು ಬೇರೆ ದಿಕ್ಕಿಗೆ ಓಡಿರಿ. ಕರಿಮಣಿಯನ್ನು ಬಿಟ್ಟುಕೊಡುವುದು ಎಷ್ಟು ನೋವಿನ ಸಂಗತಿ ಎಂಬುದು ನನಗೆ ಗೊತ್ತು, ಆದರೆ ಸರವನ್ನು ಹಿಡಿದುಕೊಂಡು ಬೈಕಿನ ಹಿಂದೆ ಎಳೆಯಲ್ಪಟ್ಟರೆ ಹೋಗುವುದು ಕುತ್ತಿಗೆ. ಅವನು ನಿಮ್ಮನ್ನೇ ವಾಹನಕ್ಕೆ ಹತ್ತಿಸಲು, ತೋಟದೊಳಕ್ಕೆ ಎಳೆಯಲು, ಕೋಣೆಯ ಬಾಗಿಲು ಹಾಕಲು ಹೊರಟನಾದರೆ ಅಲ್ಲಿಯೇ, ಆ ಕ್ಷಣದಲ್ಲಿಯೇ ಇರುವ ಶಕ್ತಿಯನ್ನೆಲ್ಲ ಹಾಕಿ ಹೋರಾಡಬೇಕು. ಎರಡನೆಯ ಜಾಗಕ್ಕೆ ಹೋದ ಮೇಲೆ ನಿಮ್ಮ ಕೂಗನ್ನು ಕೇಳುವವರು ಇರುವುದಿಲ್ಲ.

ದೇಹಕ್ಕೆ ಕಲಿಸಬೇಕಾದದ್ದು

ನೂರು ಪಟ್ಟುಗಳನ್ನು ಒಮ್ಮೊಮ್ಮೆ ಮಾಡಿದವನಿಗಿಂತ ನಾಲ್ಕನ್ನು ನೂರು ಸಲ ಮಾಡಿದವನಿಗೆ ಭಯದ ಹೊತ್ತಿನಲ್ಲಿ ಏನಾದರೂ ನೆನಪಿರುತ್ತದೆ. ಆ ನಾಲ್ಕೈದನ್ನು ಮಾತ್ರ ಹೇಳುತ್ತೇನೆ.

ಮುಷ್ಟಿಯಿಂದ ಮುಖಕ್ಕೆ ಗುದ್ದಬೇಡಿ. ಅಭ್ಯಾಸವಿಲ್ಲದವರು ತಲೆಬುರುಡೆಗೆ ಗುದ್ದಿದರೆ ಮುರಿಯುವುದು ಗುದ್ದಿದವರ ಕೈಯೊಳಗಿನ ಸಣ್ಣ ಎಲುಬುಗಳೇ. ಅದರ ಬದಲು ಅಂಗೈಯ ಬುಡವನ್ನು, ಮಣಿಕಟ್ಟಿನ ಪಕ್ಕದ ಗಟ್ಟಿ ಭಾಗವನ್ನು, ಕೆಳಗಿನಿಂದ ಮೇಲಕ್ಕೆ ಗಲ್ಲಕ್ಕೋ ಮೂಗಿಗೋ ನೂಕಬೇಕು. ಬೇಡವೆಂಬ ಸನ್ನೆಯಲ್ಲಿ ಮೊದಲೇ ಎದೆಯ ಮಟ್ಟಕ್ಕೆ ಎತ್ತಿದ ಕೈ ಅಲ್ಲಿಂದಲೇ ಹೊರಡಬಹುದು, ಹಿಂದಕ್ಕೆ ಎಳೆದು ಬೀಸುವ ಅಗತ್ಯವಿಲ್ಲ. ಇನ್ನೂ ಹತ್ತಿರ ಬಂದವನಿಗೆ ಮೊಣಕೈ, ಮೈಗೆ ತಾಗುವಷ್ಟು ಹತ್ತಿರವಾದರೆ ತೊಡೆಸಂದಿಗೆ ಮೊಣಕಾಲು, ಹಿಂದಿನಿಂದ ಅಪ್ಪಿ ಹಿಡಿದವನಿಗೆ ಹಿಮ್ಮಡಿಯಿಂದ ಪಾದದ ಮೇಲೆ ತುಳಿತ ಮತ್ತು ಕಣಕಾಲಿನ ಎಲುಬಿಗೆ ಒದೆತ. ಹಿಂದಿನಿಂದ ಹಿಡಿದಾಗ ಮೊದಲು ಸೊಂಟವನ್ನು ತಟ್ಟನೆ ಕೆಳಗಿಳಿಸಿ ಮೈಭಾರ ಬಿಡಿರಿ, ಎತ್ತಿ ಒಯ್ಯುವುದು ಆಗ ಕಷ್ಟವಾಗುತ್ತದೆ.

ಮಣಿಕಟ್ಟು ಹಿಡಿದಾಗ ಬಿಡಿಸಿಕೊಳ್ಳುವುದನ್ನು ಮಾತ್ರ ನಿಧಾನವಾಗಿ ವಿವರಿಸುತ್ತೇನೆ, ಏಕೆಂದರೆ ಎಳೆದಾಟದಲ್ಲಿ ಎಲ್ಲರೂ ಮೊದಲು ಮಾಡುವ ತಪ್ಪು ಇಲ್ಲಿಯೇ ಆಗುತ್ತದೆ. ಮನೆಯಲ್ಲಿ ಯಾರಾದರೂ ನಿಮ್ಮ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಲಿ. ಈಗ ಆ ಹಿಡಿತವನ್ನು ನೋಡಿರಿ. ಒಂದು ಬದಿಯಲ್ಲಿ ನಾಲ್ಕು ಬೆರಳುಗಳು, ಇನ್ನೊಂದು ಬದಿಯಲ್ಲಿ ಹೆಬ್ಬೆರಳು ಒಂದೇ. ಹೆಬ್ಬೆರಳಿನ ತುದಿಯೂ ಬೆರಳುಗಳ ತುದಿಯೂ ಎದುರಾಗುವ ಸಂದು ಈ ಹಿಡಿತದ ಬಾಗಿಲು. ನಿಮ್ಮ ಮಣಿಕಟ್ಟು ಚಪ್ಪಟೆಯಾಗಿದೆ, ಅದರ ಅಗಲದ ಬದಿ ಬಾಗಿಲಿಗೆ ಎದುರಾಗಿದ್ದರೆ ಎಷ್ಟು ಎಳೆದರೂ ಬರುವುದಿಲ್ಲ. ಕೈಯನ್ನು ತಿರುಗಿಸಿ ಕಿರಿದಾದ ಅಂಚನ್ನು, ಹೆಬ್ಬೆರಳಿನ ಕಡೆಯ ಎಲುಬನ್ನು, ಆ ಸಂದಿಗೆ ಎದುರಾಗಿಸಿರಿ. ಹಿಂದಕ್ಕೆ ಎಳೆಯಬೇಡಿ. ಒಂದು ಹೆಜ್ಜೆ ಅವನತ್ತಲೇ ಹೋಗಿ, ಮೊಣಕೈಯನ್ನು ಅವನ ಮೊಣಕೈಯ ಕಡೆಗೆ ನೂಕುತ್ತಾ, ನಿಮ್ಮ ಅಂಗೈಯನ್ನು ನಿಮ್ಮದೇ ಹೆಗಲಿನ ಕಡೆಗೆ ಮಡಚಿರಿ. ಹೆಬ್ಬೆರಳು ಬಿಟ್ಟುಹೋಗುತ್ತದೆ. ಎರಡೂ ಕೈಗಳಿಂದ ಒಂದು ಮಣಿಕಟ್ಟನ್ನು ಹಿಡಿದಿದ್ದರೆ, ನಿಮ್ಮ ಇನ್ನೊಂದು ಕೈಯನ್ನು ಅವನ ಕೈಗಳ ನಡುವಿನಿಂದ ತೂರಿಸಿ ನಿಮ್ಮದೇ ಮುಷ್ಟಿಯನ್ನು ಹಿಡಿದು ಹಾಗೆಯೇ ಮೇಲಕ್ಕೆ ಎಳೆಯಿರಿ. ಬಲವೇ ಇಲ್ಲವೆಂದುಕೊಂಡಿದ್ದ 13 ವರ್ಷದ ಹುಡುಗಿಯೊಬ್ಬಳು ತನ್ನ ದೊಡ್ಡಪ್ಪನ ಹಿಡಿತವನ್ನು ಹೀಗೆ ಬಿಡಿಸಿಕೊಂಡು ತನ್ನ ಕೈಯನ್ನೇ ಬೆರಗಿನಿಂದ ನೋಡಿಕೊಂಡದ್ದು ನನಗಿನ್ನೂ ನೆನಪಿದೆ. ಒಂದು ಮಾತನ್ನು ಆದರೂ ಸೇರಿಸಬೇಕು: ತೀರಾ ಬಲಶಾಲಿಯ ಹಿಡಿತದಿಂದ ಇದೊಂದರಿಂದಲೇ ಬಿಡುಗಡೆ ಆಗದಿರಬಹುದು. ಕಣಕಾಲಿಗೆ ಒಂದು ಒದೆ ಕೊಟ್ಟು ಅವನ ಗಮನ ಅತ್ತ ಹೋದ ಕ್ಷಣದಲ್ಲಿಯೇ ಬಿಡಿಸಿಕೊಳ್ಳಬೇಕು.

ಜಡೆ ಹಿಡಿದು ಎಳೆದರೆ ಎರಡೂ ಕೈಗಳಿಂದ ಅವನ ಕೈಯನ್ನು ನಿಮ್ಮ ತಲೆಗೇ ಒತ್ತಿ ಹಿಡಿಯಿರಿ. ನೋವು ಕಡಿಮೆಯಾಗುತ್ತದೆ, ಅವನ ಆ ಕೈ ಸಿಕ್ಕಿಕೊಳ್ಳುತ್ತದೆ, ನಿಮ್ಮ ಕಾಲು ಬಿಡುವಾಗಿರುತ್ತದೆ. ಕುತ್ತಿಗೆ ಹಿಸುಕಿದರೆ ಎಲ್ಲಕ್ಕಿಂತ ಮೊದಲು ಗಲ್ಲವನ್ನು ಎದೆಗೆ ಒತ್ತಿರಿ. ಕುತ್ತಿಗೆಯ ಪಕ್ಕದ ರಕ್ತನಾಳಗಳು ಅದುಮಿಹೋದರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಅದಕ್ಕಾಗಿಯೇ ಈ ಒಂದನ್ನು ತರಬೇತುದಾರರ ಎದುರಿನಲ್ಲಲ್ಲದೆ ಮನೆಯಲ್ಲಿ ಅಭ್ಯಾಸ ಮಾಡಲೇಬಾರದು. ಬೀಳುವಾಗ ಗಲ್ಲ ಎದೆಗೆ ತಾಗಿರಲಿ, ಬೆನ್ನು ದುಂಡಗಿರಲಿ, ಕೈಯನ್ನು ನೆಲಕ್ಕೆ ಊರಬೇಡಿ, ಊರಿದರೆ ಮಣಿಕಟ್ಟು ಮುರಿಯುತ್ತದೆ. ಬಿದ್ದಲ್ಲಿಂದ ಪಾದಗಳನ್ನು ಅವನತ್ತ ತಿರುಗಿಸಿ ಒದೆಯುತ್ತಾ, ಅವಕಾಶ ಸಿಕ್ಕಿದೊಡನೆ ಎದ್ದು ಓಡಬೇಕು.

ಚೂರಿ ಹಿಡಿದವನಿಂದ ಅದನ್ನು ಕಿತ್ತುಕೊಳ್ಳುವ ಪಟ್ಟನ್ನು ಒಂದು ಗಂಟೆಯಲ್ಲಿ ಕಲಿಸುತ್ತೇನೆ ಎನ್ನುವವರ ಶಿಬಿರಕ್ಕೆ ಮಕ್ಕಳನ್ನು ಕಳುಹಿಸಬೇಡಿ. ಚೂರಿಗೆ ಉತ್ತರ ದೂರ, ಅಡ್ಡವಾಗಿ ಚೀಲವೋ ಕುರ್ಚಿಯೋ, ಮತ್ತು ಓಟ. ಖಾರದ ಸ್ಪ್ರೇ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧವಲ್ಲ, ಆದರೆ ಚೀಲದ ತಳದಲ್ಲಿದ್ದರೆ ಪ್ರಯೋಜನವಿಲ್ಲ, ಎದುರುಗಾಳಿಯಲ್ಲಿ ಅದು ನಿಮ್ಮ ಕಣ್ಣಿಗೇ ಬರುತ್ತದೆ, ಮುಚ್ಚಿದ ಬಸ್ಸಿನಲ್ಲಿ ಎಲ್ಲರನ್ನೂ ಕೆಮ್ಮಿಸುತ್ತದೆ. ಡಬ್ಬಿಯ ಮೇಲಿನ ಅವಧಿಯನ್ನೂ ಆಗಾಗ ನೋಡುತ್ತಿರಬೇಕು.

ಎಲ್ಲಿ, ಯಾರಿಂದ ಕಲಿಯುವುದು

ನಾವಿರುವುದು ಕಳರಿಯ, ಎಂದರೆ ಕೇರಳದ ಸಾಂಪ್ರದಾಯಿಕ ಸಮರಕಲೆಯ ನಾಡಿನಲ್ಲಿ. ಆದ್ದರಿಂದ ಮಗಳನ್ನು ಕಳರಿಪಯಟ್ಟಿಗೆ ಸೇರಿಸಲೇ ಎಂದು ಕೇಳುವ ತಂದೆತಾಯಿಗಳು ಹಲವರು. ಖಂಡಿತ ಸೇರಿಸಿ, ಆದರೆ ಅದು ಏನನ್ನು ಯಾವಾಗ ಕೊಡುತ್ತದೆ ಎಂಬುದು ತಿಳಿದಿರಲಿ. ಸಾಂಪ್ರದಾಯಿಕ ಕಳರಿ 42 ಅಡಿ ಉದ್ದ, 21 ಅಡಿ ಅಗಲದ, ನೆಲವನ್ನು ಅಗೆದು ತಗ್ಗಿಸಿದ ಅಂಗಣ. ಅಲ್ಲಿ ಶಿಕ್ಷಣ ಮೆಯ್‌ತ್ತಾರಿಯಿಂದ, ಎಂದರೆ ಮೈಯನ್ನು ಹದಗೊಳಿಸುವುದರಿಂದ ಆರಂಭವಾಗುತ್ತದೆ. ಆಮೇಲೆ ಮರದ ಕೋಲುಗಳ ಕೋಲ್‌ತ್ತಾರಿ, ಆಮೇಲೆ ಲೋಹದ ಆಯುಧಗಳ ಅಂಕತ್ತಾರಿ, ಎಲ್ಲಕ್ಕಿಂತ ಕೊನೆಗೆ ಬರಿಗೈಯ ವೆರುಂಕೈ. ಬರಿಗೈಯ ಹೋರಾಟ ಕೊನೆಗೆ ಬರುವುದು ಅದು ಎಲ್ಲಕ್ಕಿಂತ ಕಷ್ಟದ್ದೆಂಬ ಕಾರಣಕ್ಕೆ. ಹೀಗಾಗಿ ಬರುವ ತಿಂಗಳು ಹಾಸ್ಟೆಲಿಗೆ ಹೊರಡುವ ಹುಡುಗಿಗೆ ಕಳರಿ ತಕ್ಷಣದ ಉತ್ತರವಲ್ಲ. ಎಂಟು ವರ್ಷದ ಮಗುವಿಗೆ ಅದಕ್ಕಿಂತ ಒಳ್ಳೆಯ ಅಡಿಪಾಯ ಸಿಗಲಾರದು. ವಡಗರದ ಮೀನಾಕ್ಷಿ ಅಮ್ಮನವರು ಏಳನೆಯ ವಯಸ್ಸಿನ ಸುಮಾರಿಗೆ ಕಳರಿಗೆ ಇಳಿದು, ಎಪ್ಪತ್ತು ದಾಟಿದ ಮೇಲೆಯೂ ಕಲಿಸುತ್ತಿದ್ದರು. 2017ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು.

ಬೇಗ ಕಲಿಯಬೇಕಾದವರಿಗೆ ಕೇರಳ ಪೊಲೀಸ್ ಇಲಾಖೆ ಮಹಿಳೆಯರಿಗಾಗಿ ನಡೆಸುವ ಉಚಿತ ಆತ್ಮರಕ್ಷಣಾ ತರಬೇತಿ ಹೆಚ್ಚು ಉಪಯುಕ್ತ. ಮಹಿಳಾ ಪೊಲೀಸರೇ ಕಲಿಸುತ್ತಾರೆ. ಶಾಲೆ, ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘಗಳ ಘಟಕ, ಯುವಕ ಮಂಡಲಗಳು ಹತ್ತಿರದ ಠಾಣೆಯಲ್ಲಿ ವಿಚಾರಿಸಿ ಬೇಡಿಕೆ ಸಲ್ಲಿಸಬಹುದು. ಬೀಳುವುದನ್ನು ಕಲಿಯಲು ಜೂಡೋ ಒಳ್ಳೆಯದು, ಹೊಡೆತದ ನಿಖರತೆಗೆ ಕರಾಟೆ ಒಳ್ಳೆಯದು. ಆದರೆ ಕಲೆಯ ಹೆಸರಿಗಿಂತ ಕಲಿಸುವವರನ್ನು ನೋಡಿ ಆರಿಸಿರಿ. ಸೇರುವ ಮೊದಲು ಒಂದು ತರಗತಿಯನ್ನು ಕುಳಿತು ನೋಡಲು ಬಿಡುತ್ತಾರೆಯೇ? ಮೈ ಮುಟ್ಟುವ ಮೊದಲು ವಿದ್ಯಾರ್ಥಿಯ ಒಪ್ಪಿಗೆ ಕೇಳುತ್ತಾರೆಯೇ? ಎದುರಾಳಿ ನಿಜವಾಗಿ ಬಲ ಹಾಕಿ ಹಿಡಿದಾಗಲೂ ಪಟ್ಟನ್ನು ಮಾಡಿಸುತ್ತಾರೆಯೇ? ಓಡುವುದನ್ನೂ ಕೂಗುವುದನ್ನೂ ಕಲಿಸುತ್ತಾರೆಯೇ? ಈ ಕೊನೆಯದಿಲ್ಲದೆ ಬೆಲ್ಟಿನ ಬಣ್ಣವನ್ನಷ್ಟೇ ಬದಲಾಯಿಸುವ ತರಗತಿ ಕ್ರೀಡೆಯಾಗಿ ಒಳ್ಳೆಯದಿರಬಹುದು, ಆತ್ಮರಕ್ಷಣೆಗೆ ಸಾಲದು.

ಕಾನೂನು ಎಷ್ಟನ್ನು ಒಪ್ಪುತ್ತದೆ

“ಹೊಡೆದರೆ ನಮ್ಮ ಮೇಲೆಯೇ ಕೇಸು ಬೀಳುತ್ತದೆ” ಎಂಬ ಹೆದರಿಕೆ ನಮ್ಮಲ್ಲಿ ಗಟ್ಟಿಯಾಗಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ತನಕದ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ಆ ಹಕ್ಕಿನ ಬಳಕೆಯಲ್ಲಿ ಮಾಡಿದ ಯಾವುದೂ ಅಪರಾಧವಲ್ಲ, ಅದು ನಿಮ್ಮ ದೇಹಕ್ಕಷ್ಟೇ ಅಲ್ಲ, ಇತರರ ದೇಹದ ರಕ್ಷಣೆಗೂ ಅನ್ವಯಿಸುತ್ತದೆ. ಮೊದಲ ಏಟು ಬೀಳುವ ತನಕ ಕಾಯಬೇಕಾಗಿಲ್ಲ, ಅಪಾಯದ ನ್ಯಾಯಯುತವಾದ ಆತಂಕ ಹುಟ್ಟಿದಾಗಲೇ ಹಕ್ಕು ಹುಟ್ಟುತ್ತದೆ. ಕೊಲೆ, ಗಂಭೀರ ಗಾಯ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿಗಳಂಥ ಭಯವಿದ್ದಾಗ ದಾಳಿಕೋರನ ಸಾವಿನ ತನಕವೂ ಆ ಹಕ್ಕು ವಿಸ್ತರಿಸಬಹುದು. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಅಪಾಯದ ಆತಂಕ ಮುಗಿದೊಡನೆ ಹಕ್ಕೂ ಮುಗಿಯುತ್ತದೆ. ಬಸ್ಸಿನಲ್ಲಿ ಕೈ ಹಾಕಿದವನನ್ನು ತಳ್ಳಿ ಮೊಣಕೈಯಿಂದ ಹೊಡೆದದ್ದು ರಕ್ಷಣೆ. ಅವನು ಇಳಿದು ಓಡಿದ ಮೇಲೆ ಬೆನ್ನಟ್ಟಿ ಗುಂಪಾಗಿ ಬಡಿದದ್ದು ರಕ್ಷಣೆಯಲ್ಲ.

ಫೋನು, ಠಾಣೆ, ಮತ್ತೆ ಭಾಷೆ

ಎಲ್ಲ ತುರ್ತಿಗೂ 112. ಕೇರಳದಲ್ಲಿ ಪಿಂಕ್ ಪೊಲೀಸರಿಗೆ, ಎಂದರೆ ಮಹಿಳೆಯರ ರಕ್ಷಣೆಗಿರುವ ಮಹಿಳಾ ಗಸ್ತು ಪೊಲೀಸರಿಗೆ 1515, ಮಹಿಳಾ ಸಹಾಯವಾಣಿಗೆ 181, ಮಕ್ಕಳಿಗಾಗಿ 1098, ರೈಲಿನಲ್ಲಿ 139, ಆನ್‌ಲೈನ್ ಹಣದ ವಂಚನೆಗೆ 1930. ಹಳೆಯ ಗುಂಡಿಫೋನು ಬಳಸುವ ಹಿರಿಯರಿಗೆ ತಿಳಿಸಿಕೊಡಿ: 2017ರಿಂದ ಮಾರಾಟಕ್ಕೆ ಬಂದ ಇಂಥ ಫೋನುಗಳಲ್ಲಿ 5 ಅಥವಾ 9ರ ಗುಂಡಿಯನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗುವ ಏರ್ಪಾಡು ಇರಬೇಕೆಂದು ನಿಯಮವಿದೆ. ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಎಷ್ಟು ಸಲ ಒತ್ತಬೇಕೆಂಬುದನ್ನು ಸೆಟ್ಟಿಂಗಿನಲ್ಲಿ ನೋಡಿ ಇಂದೇ ತಿಳಿದುಕೊಳ್ಳಿರಿ.

ಗಡಿಯಲ್ಲಿರುವವರು ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ತಲಪಾಡಿ, ಹೊಸಂಗಡಿ, ಪೆರ್ಲದಂಥ ಕಡೆಗಳಲ್ಲಿ ಫೋನು ಯಾವ ರಾಜ್ಯದ ಟವರನ್ನು ಹಿಡಿದಿರುತ್ತದೆ ಎಂಬುದು ನಿಶ್ಚಿತವಲ್ಲದ್ದರಿಂದ, ಕರೆ ಎತ್ತುವವರು ಆಚೆಯ ರಾಜ್ಯದವರೂ ಆಗಿರಬಹುದು. ಆದ್ದರಿಂದ ಹೆಸರು, ಘಟನೆ ಎಲ್ಲಕ್ಕಿಂತ ಮೊದಲು ಜಾಗವನ್ನು ಹೇಳಿರಿ: ರಾಜ್ಯ, ಜಿಲ್ಲೆ, ಊರು, ಹತ್ತಿರದ ಶಾಲೆ ಅಥವಾ ದೇವಸ್ಥಾನ ಅಥವಾ ಮಸೀದಿ. ಕರೆ ನಡುವೆ ಕಡಿದುಹೋದರೂ ಜಾಗ ತಿಳಿದಿರುತ್ತದೆ. ಈ ಒಂದು ವಾಕ್ಯವನ್ನು ಕನ್ನಡದಲ್ಲಿಯೂ ಮಲೆಯಾಳದಲ್ಲಿಯೂ ಬರೆದು ಫೋನಿನ ಕವಚದ ಹಿಂದೆ ಇಟ್ಟುಕೊಂಡ ವಿದ್ಯಾರ್ಥಿನಿಯರು ನನ್ನಲ್ಲಿದ್ದಾರೆ.

ದೂರು ಕೊಡಲು ಯಾವ ಠಾಣೆಯ ಸರಹದ್ದು ಎಂದು ಅಲೆಯಬೇಕಾಗಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಘಟನೆ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿಯೂ ಮಾಹಿತಿ ಕೊಡಬಹುದು. ಮಂಗಳೂರಿನಲ್ಲಿ ನಡೆದದ್ದನ್ನು ಮಂಜೇಶ್ವರದಲ್ಲಿ ದಾಖಲಿಸಬಹುದು. ಬಾಯಿಮಾತಿನಲ್ಲಿ ಹೇಳಿದ್ದನ್ನು ಬರೆದುಕೊಂಡು ನಿಮಗೆ ಓದಿ ಹೇಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಮಲೆಯಾಳ ಓದಲು ಬಾರದವರು ಏನು ಬರೆದಿದೆ ಎಂಬುದು ಪೂರ್ತಿ ತಿಳಿಯುವ ತನಕ ಸಹಿ ಹಾಕಬೇಡಿ. ಅದಕ್ಕಿಂತಲೂ ಒಳ್ಳೆಯದು, ದೂರನ್ನು ನಿಮ್ಮದೇ ಕನ್ನಡದಲ್ಲಿ ಬರೆದು ಒಯ್ಯುವುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಂದಿಗೆ ವ್ಯವಹರಿಸುವ ಅವಕಾಶವನ್ನಿತ್ತಿದೆ. ಹಿಂಬಾಲಿಸುವುದು, ಬೇಡವೆಂದರೂ ಮತ್ತೆ ಮತ್ತೆ ಸಂದೇಶ ಕಳುಹಿಸುವುದು ನ್ಯಾಯ ಸಂಹಿತೆಯ 78ನೆಯ ಕಲಮಿನಡಿ ಅಪರಾಧ. ಅಂಥ ಸಂದೇಶಗಳನ್ನು ಸಿಟ್ಟಿನಿಂದ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟು ಆಮೇಲೆ ಬ್ಲಾಕ್ ಮಾಡಿರಿ.

ಲೈಂಗಿಕ ದಾಳಿ ನಡೆದಿದ್ದರೆ ಸ್ನಾನ ಮಾಡುವ ಮೊದಲು ಆಸ್ಪತ್ರೆಗೆ ಹೋಗಬೇಕು. ಬಟ್ಟೆಯನ್ನು ತೊಳೆಯದೆ, ಪ್ಲಾಸ್ಟಿಕ್ಕಿನಲ್ಲಲ್ಲ, ಕಾಗದದಲ್ಲಿ ಸುತ್ತಿ ಒಯ್ಯಬೇಕು, ಏಕೆಂದರೆ ಪ್ಲಾಸ್ಟಿಕ್ಕಿನ ಒಳಗಿನ ತೇವ ಸಾಕ್ಷ್ಯವನ್ನು ಕೆಡಿಸುತ್ತದೆ. ಸರಕಾರಿಯಿರಲಿ, ಖಾಸಗಿಯಿರಲಿ, ಯಾವ ಆಸ್ಪತ್ರೆಯೂ ಇಂಥವರಿಗೆ ಉಚಿತ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ. ಜೊತೆಗೆ ಹೋಗುವವರು ಅಮ್ಮನೋ ಅಕ್ಕನೋ ಗೆಳತಿಯೋ ಆಗಿರಲಿ, “ಆ ಹೊತ್ತಿನಲ್ಲಿ ಅಲ್ಲಿಗೆ ಯಾಕೆ ಹೋದೆ” ಎಂಬ ಪ್ರಶ್ನೆಯನ್ನು ದಯವಿಟ್ಟು ಕೇಳಬೇಡಿ.

ಅಭ್ಯಾಸಕ್ಕೆ ವಾರಕ್ಕೆ ಅರ್ಧ ಗಂಟೆ ಸಾಕು, ಆದರೆ ಅದು ತಪ್ಪಬಾರದು. ಆದಿತ್ಯವಾರ ಸಂಜೆ ಅಂಗಳದಲ್ಲಿ ಮನೆಯವರೆಲ್ಲ ಸೇರಿ ಐದು ನಿಮಿಷ ಕೂಗು, ಹತ್ತು ನಿಮಿಷ ಮಣಿಕಟ್ಟು, ಹತ್ತು ನಿಮಿಷ ದಿಂಬಿನ ಮೇಲೆ ಅಂಗೈ ಮತ್ತು ಮೊಣಕೈ, ಕೊನೆಗೆ ಗೇಟಿನ ತನಕ ಒಂದು ಓಟ. ಸೀರೆಯುಟ್ಟವರು ಸೀರೆಯಲ್ಲಿಯೇ, ಶಾಲೆಗೆ ಹೋಗುವವರು ಬೆನ್ನಿಗೆ ಚೀಲ ಹಾಕಿಕೊಂಡೇ ಮಾಡಲಿ, ಏಕೆಂದರೆ ಬೇಕಾಗುವ ದಿನ ಮೈಮೇಲಿರುವುದು ಅವೇ. ಅಜ್ಜಿಯನ್ನೂ ಕರೆಯಿರಿ. ಅಜ್ಜಿಗೆ ಒದೆಯಲು ಆಗದಿರಬಹುದು, ಆದರೆ ಗುಡ್ಡೆಯ ಆಚೆ ಮೇಯುತ್ತಿದ್ದ ದನವನ್ನು ಇಲ್ಲಿಂದಲೇ ಕೂಗಿ ಕರೆದ ಆ ದನಿ ಹೊಟ್ಟೆಯ ಯಾವ ಭಾಗದಿಂದ ಹೊರಡುತ್ತದೆ ಎಂಬುದನ್ನು ಮೊಮ್ಮಗಳಿಗೆ ತೋರಿಸಿಕೊಡಬಲ್ಲವರು ಅವರೇ.